ಮರುಭೂಮಿ ಕೋಟೆಗಳು, ಜೋರ್ಡಾನ್

ಜೋರ್ಡಾನಿನ ರಾಜಧಾನಿ ಅಮ್ಮಾನಿನ ಪೂರ್ವಕ್ಕೆ ಬಂಜರು ಬಯಲಿನಲ್ಲಿ ಹರಡಿರುವ ಕಟ್ಟಡಗಳು. ಹೆಚ್ಚಿನವು 7-8ನೆಯ ಶತಮಾನದ ಉಮಯ್ಯದ್ ಅರಸರ ಕಾಲದವು. ಕೋಟೆಗಳೆಂದು ಹೆಸರಾದರೂ ಹಲವು ಅರಮನೆ, ಸ್ನಾನಗೃಹಗಳಾಗಿದ್ದವು. ಇವುಗಳಲ್ಲಿ ಒಂದಾದ ಕುಸೈರ್ ಅಮ್ರಾ 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಗೋಡೆಗಳ ಮೇಲೆ ಬೇಟೆ, ಸ್ನಾನ, ಕುಶಲಕರ್ಮಿಗಳ ವರ್ಣಚಿತ್ರಗಳಿವೆ; ಬಿಸಿ ಕೋಣೆಯ ಗುಮ್ಮಟದ ಒಳಮೈಯಲ್ಲಿ ರಾಶಿಚಕ್ರ ಸಹಿತ ನಕ್ಷತ್ರಲೋಕವನ್ನೇ ಬಿಡಿಸಲಾಗಿದೆ. ಇನ್ನೊಂದು ಕೋಟೆ ಖರಾನಾ ಎರಡಂತಸ್ತಿನ ಚೌಕಾಕಾರದ ಕಟ್ಟಡ. ರೋಮನ್ ಮೂಲದ ಅಜ್ರಕ್ ಕೋಟೆ ಕಪ್ಪು ಬಸಾಲ್ಟ್ ಶಿಲೆಯದು. ಬಾಗಿಲಿನ ಕದಗಳೂ ಕಲ್ಲಿನವೇ. 1917-18ರ ಚಳಿಗಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಇಲ್ಲಿ ತಂಗಿದ್ದ. ಅಜ್ರಕ್ ಅಮ್ಮಾನಿನಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಸಾರ್ವಜನಿಕ ಸಾರಿಗೆ ವಿರಳವಾದ್ದರಿಂದ ಪ್ರವಾಸಿಗರು ಬಾಡಿಗೆ ಕಾರಿನಲ್ಲಿ ಈ ಮೂರು ಕೋಟೆಗಳನ್ನೂ ಒಂದೇ ದಿನದಲ್ಲಿ ನೋಡಿ ಮರಳುವುದು ರೂಢಿ.