ಕೋಡಿಯ ಮಠ: ಅನ್ನ, ಔಷಧ, ಅಭಯ

ಅನಾಥರಿಗೆ ಅನ್ನ, ರೋಗಿಗಳಿಗೆ ಔಷಧ, ಬಡ ವಿದ್ಯಾರ್ಥಿಗಳಿಗೆ ಪಾಠ, ದಾರಿಗರಿಗೆ ತಂಗಲು ಸ್ಥಳ, ಇವೆಲ್ಲವನ್ನೂ ಒಂದೇ ವ್ಯವಸ್ಥೆಗೆ ಒಳಪಡಿಸಿ ನಡೆಯಿಸುವುದು ಈಚಿನ ಸರ್ಕಾರಗಳೂ ಸಂಘಗಳೂ ಕಂಡುಕೊಂಡ ಪದ್ಧತಿಯೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಇದಕ್ಕೆ ಪ್ರತಿಯಾಗಿ, ನಮ್ಮ ಪೂರ್ವಿಕರಲ್ಲಿ ಇಲ್ಲದುದೇ ಇರಲಿಲ್ಲವೆಂದು ಎದೆ ತಟ್ಟಿ ಹೇಳುವವರೂ ಉಂಟು. ಈ ಎರಡು ಮಾತುಗಳಲ್ಲಿ ಯಾವುದನ್ನೂ ಪರೀಕ್ಷಿಸದೆ ಒಪ್ಪುವುದು ಚರಿತ್ರೆಯ ವಿದ್ಯಾರ್ಥಿಗೆ ತಕ್ಕುದಲ್ಲ. ಪರೀಕ್ಷೆಗೆ ನಮಗಿರುವ ಸಾಧನ ಶಾಸನ. ಈ ದಿನ ನಾವು ಒಂದು ಕನ್ನಡ ಶಾಸನವನ್ನು ಮುಂದಿಟ್ಟುಕೊಂಡು, ಅದರ ಪಕ್ಕದಲ್ಲಿ ನೆರೆನಾಡುಗಳ ಎರಡು ಶಾಸನಗಳನ್ನಿರಿಸಿ, ದಿಕ್ಕಿಲ್ಲದವರ ಪೋಷಣೆಯನ್ನು ಹಿಂದಿನವರು ಹೇಗೆ ನಡೆಯಿಸಿದರೆಂಬುದನ್ನು ವಿಚಾರಮಾಡೋಣ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆ ಇಂದು ಸಣ್ಣ ಊರು. 11 ಮತ್ತು 12ನೆಯ ಶತಮಾನಗಳಲ್ಲಿಯಾದರೋ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿದ್ದಿತು. ಶಿವ, ವಿಷ್ಣು, ಜಿನ, ಬುದ್ಧ ಇವರೆಲ್ಲರಿಗೂ ಅಲ್ಲಿ ಆಲಯಗಳಿದ್ದುವು. ಆ ಊರಿನ ದಕ್ಷಿಣ ಕೇದಾರೇಶ್ವರನ ಗುಡಿಗೆ ಸೇರಿದ್ದ ಮಠಕ್ಕೆ ಕೋಡಿಯ ಮಠವೆಂದು ಹೆಸರು. ಕೆರೆಯ ನೀರು ತುಂಬಿ ಹೊರಕ್ಕೆ ಹರಿಯುವ ಎಡೆಯನ್ನು ಈಗಲೂ ನಮ್ಮ ರೈತರು ಕೋಡಿಯೆಂದೇ ಕರೆಯುವರು. ಮಠದ ಆಚಾರ್ಯರು ಕಾಳಾಮುಖರೆಂಬ ಶೈವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದವರ ಹೆಸರುಗಳು ಶಾಸನಗಳಲ್ಲಿ ದೊರೆಯುತ್ತವೆ.

ಕಾಳಾಮುಖರೆಂದೊಡನೆ ತಲೆಯೋಡಿನಲ್ಲಿ ಉಣ್ಣುವ, ಹೆಣದ ಬೂದಿಯನ್ನು ಬಳಿದುಕೊಳ್ಳುವ ಘೋರ ಸಾಧಕರ ಚಿತ್ರವು ಕೆಲವರ ಮನಸ್ಸಿಗೆ ಬರುವುದು. ರಾಮಾನುಜಾಚಾರ್ಯರ ಶ್ರೀಭಾಷ್ಯದಲ್ಲಿ ಅವರ ವರ್ಣನೆ ಹಾಗೆಯೇ ಇದೆ. ಕನ್ನಡ ನಾಡಿನ ಶಾಸನಗಳಲ್ಲಿ ಕಾಣುವ ಕಾಳಾಮುಖರು ಬೇರೆಯೇ ತೆರನಾದವರು. ಪಂಡಿತರು, ಅಧ್ಯಾಪಕರು, ದೇವಸ್ಥಾನಗಳ ಆಡಳಿತಗಾರರು. ಪ್ರತಿಪಕ್ಷದವರ ಬರಹದಿಂದಲೇ ಒಂದು ಪಂಥವನ್ನು ಅಳೆದರೆ ಎಷ್ಟು ತಪ್ಪಾಗಬಹುದೆಂಬುದಕ್ಕೆ ಕೋಡಿಯ ಮಠವೇ ಸಾಕ್ಷಿ.

ನಾವು ಹೇಳಹೊರಟ ಶಾಸನವು 1162ನೆಯ ವರ್ಷದ್ದು. ಕಲ್ಯಾಣದ ಚಾಲುಕ್ಯರ ಸಿಂಹಾಸನವು ಕಳಚುರಿ ಬಿಜ್ಜಳನ ಕೈಗೆ ಬಂದಿದ್ದ ಕಾಲ. ಮಠದ ಪೀಠದಲ್ಲಿ ವಾಮಶಕ್ತಿ ಪಂಡಿತನಿದ್ದನು. ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ, ಶಿಕಾರಿಪುರದ 102ನೆಯ ಶಾಸನವಾಗಿ, ಇದನ್ನು ಪ್ರಕಟಿಸಿದರು. ಮಠವೆಂದರೆ ಏನೇನಕ್ಕೆ ಸ್ಥಾನವೆಂಬುದನ್ನು ಒಂದೊಂದಾಗಿ ಎಣಿಸುತ್ತ ಹೋಗುವುದು ಈ ಶಾಸನದ ವೈಶಿಷ್ಟ್ಯ.

ಮೊದಲು ವಿದ್ಯೆ. ಅಂಗಸಹಿತವಾದ ನಾಲ್ಕು ವೇದಗಳು, ಪಾಣಿನಿಯದೂ ಶಾಕಟಾಯನನದೂ ಸೇರಿದಂತೆ ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧದರ್ಶನ, ಲಾಕುಲಸಿದ್ಧಾಂತ, ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಇವುಗಳ ವ್ಯಾಖ್ಯಾನ ಅಲ್ಲಿ ನಡೆಯುತ್ತಿದ್ದಿತು. ಶೈವರ ಮಠದಲ್ಲಿ ಜೈನನ ವ್ಯಾಕರಣವೂ ಬೌದ್ಧರ ತರ್ಕವೂ ಪಾಠಕ್ಕೆ ಇದ್ದುವೆಂಬುದು ಗಮನಾರ್ಹವಾದ ವಿಷಯ.

ಅನಂತರ ಅನ್ನ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯಗಾರರು, ಕೊಳಲೂದುವವರು, ಕುಣಿಯುವವರು. ಬಟ್ಟೆಯಿಲ್ಲದವರು, ಅಂಗ ಮುರಿದವರು. ಜೈನ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸರು, ಪರಮಹಂಸರು. ನಾನಾ ದೇಶಗಳಿಂದ ಬಂದ ಭಿಕ್ಷುಕರು. ಇವರೆಲ್ಲರಿಗೂ ತಡೆಯಿಲ್ಲದೆ ಅನ್ನವಿಕ್ಕುವ ಎಡೆಯದು. ಮುಂದೆ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರದ ಎಡೆ. ಕೊನೆಯಲ್ಲಿ, ಸಕಲ ಪ್ರಾಣಿಗಳಿಗೂ ಅಭಯದ ಎಡೆ.

ಈ ಎಣಿಕೆಯಲ್ಲಿ ಎರಡು ಅಂಶಗಳನ್ನು ನಾವು ಎತ್ತಿ ಹೇಳಬೇಕು. ಒಂದು, ಮನುಷ್ಯನ ಕಷ್ಟಗಳು ಒಂದನ್ನೊಂದು ಹಿಡಿದುಕೊಂಡೇ ಬರುವುವೆಂಬ ಅರಿವು. ಕುರುಡನು ಹಸಿದಿರುವನು; ಹಸಿದವನು ರೋಗಿಯಾಗುವನು; ರೋಗಿಯು ಪರದೇಶಿಯಾದರೆ ಭಯಪಡುವನು. ಅನ್ನಕ್ಕೆ ಒಂದು ಬಾಗಿಲು, ಮದ್ದಿಗೆ ಮತ್ತೊಂದು ಬಾಗಿಲು, ಆಶ್ರಯಕ್ಕೆ ಮೂರನೆಯದು ಎಂದಾದರೆ ಆತನು ಬಾಗಿಲಿಂದ ಬಾಗಿಲಿಗೆ ಅಲೆಯುವುದರಲ್ಲಿಯೇ ಸೋಲುವನು. ಎರಡನೆಯದು, ವೇದಾಧ್ಯಾಯಿಯನ್ನೂ ಕುಂಟನನ್ನೂ ಶಾಸನವು ಒಂದೇ ಮಠದ ಕೀರ್ತಿಗೆ ಕಾರಣರಾದವರೆಂದು ಎಣಿಸಿರುವುದು. ದೀನನು ಹಿತ್ತಿಲ ಬಾಗಿಲಲ್ಲಿ ನಿಂತವನಲ್ಲ. ಮಠದ ಬಿರುದಿನಲ್ಲಿಯೇ ಆತನಿಗೆ ಎಡೆಯುಂಟು.

ಆದರೆ ಇಲ್ಲೊಂದು ಎಚ್ಚರ ಬೇಕು. ಇದು ಪ್ರಶಸ್ತಿಯ ಭಾಷೆ. ಹೊಗಳುವವನು ಲೆಕ್ಕ ಕೊಡುವುದಿಲ್ಲ. ದಿನಕ್ಕೆ ಎಷ್ಟು ಮಂದಿಗೆ ಊಟ, ಎಷ್ಟು ರೋಗಿಗಳು, ವೈದ್ಯನಾರು, ಆತನ ಸಂಬಳವೇನು ಎಂಬ ಪ್ರಶ್ನೆಗಳಿಗೆ ಈ ವರ್ಣನೆಯಲ್ಲಿ ಉತ್ತರವಿಲ್ಲ. ಹಾಗಾದರೆ ಇದೆಲ್ಲವೂ ಬರಿಯ ಅಲಂಕಾರವೇ? ಇದನ್ನು ನಿರ್ಣಯಿಸಲು ನೆರೆನಾಡುಗಳನ್ನು ನೋಡಬೇಕು.

ತಮಿಳುನಾಡಿನಲ್ಲಿ, ಪಾಲಾರ್ ನದಿಯ ದಡದ ತಿರುಮುಕ್ಕೂಡಲಿನ ವಿಷ್ಣು ದೇವಾಲಯದಲ್ಲಿ ಚೋಳ ವೀರರಾಜೇಂದ್ರನ ಕಾಲದ, ಸುಮಾರು 1068ನೆಯ ವರ್ಷದ, ಶಾಸನವೊಂದುಂಟು. ಅಲ್ಲಿ ಹೊಗಳಿಕೆಗಿಂತ ಲೆಕ್ಕ ಹೆಚ್ಚು. ದೇವಾಲಯದ ಆತುರಶಾಲೆಯಲ್ಲಿ 15 ಹಾಸಿಗೆಗಳು. ಒಬ್ಬ ವೈದ್ಯ, ಶಸ್ತ್ರಕ್ರಿಯೆ ಮಾಡುವವನೊಬ್ಬ, ಮೂಲಿಕೆ ತಂದು ಮದ್ದು ಸಿದ್ಧಪಡಿಸುವ ಇಬ್ಬರು ಆಳುಗಳು, ರೋಗಿಗಳ ಆರೈಕೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ, ನೀರು ತರುವವನೊಬ್ಬ. ಇವರಿಗೆ ಸಲ್ಲಬೇಕಾದ ಭತ್ತವೆಷ್ಟು, ಕಾಸು ಎಷ್ಟು, ರಾತ್ರಿಯೆಲ್ಲ ಉರಿಯುವ ದೀಪಕ್ಕೆ ತಗಲುವುದೆಷ್ಟು, ಸಂಗ್ರಹದಲ್ಲಿರಬೇಕಾದ ಔಷಧಗಳು ಯಾವುವು ಎಂಬುದೆಲ್ಲವೂ ಕಲ್ಲಿನ ಮೇಲಿದೆ. ಆದರೆ ಈ ಆತುರಶಾಲೆಯು ಅಲ್ಲಿನ ವಿದ್ಯಾರ್ಥಿಗಳಿಗೂ ದೇವಾಲಯದ ಸೇವಕರಿಗೂ ಮೀಸಲು. ಲೆಕ್ಕ ಖಚಿತ, ಬಾಗಿಲು ಕಿರಿದು.

ಇನ್ನೊಂದು ಶಾಸನ ಆಂಧ್ರದ ಗುಂಟೂರು ಸೀಮೆಯ ಮಲ್ಕಾಪುರದ್ದು; ಕಾಕತಿಯ ರಾಣಿ ರುದ್ರಮದೇವಿಯ ಕಾಲದ್ದು; 1261ನೆಯ ವರ್ಷದ್ದು. ಗೋಳಕೀ ಮಠದ ಗುರು ವಿಶ್ವೇಶ್ವರ ಶಂಭುವು ತನಗೆ ಬಂದ ಗ್ರಾಮಗಳ ಆದಾಯವನ್ನು ಮೂರು ಪಾಲು ಮಾಡಿದನು. ಒಂದು ಪಾಲು ದೇವರಿಗೆ. ಒಂದು ಪಾಲು ಮಠಕ್ಕೂ ವಿದ್ಯಾರ್ಥಿಗಳಿಗೂ. ಮೂರನೆಯದು ಪ್ರಸೂತಿಶಾಲೆ, ಆರೋಗ್ಯಶಾಲೆ ಮತ್ತು ಅನ್ನಸತ್ರಕ್ಕೆ. ಸತ್ರದಲ್ಲಿ ಬ್ರಾಹ್ಮಣನು ಮೊದಲುಗೊಂಡು ಚಂಡಾಲನವರೆಗೆ ಬಂದವರಿಗೆಲ್ಲ ಅನ್ನ ದೊರೆಯಬೇಕೆಂದು ವಿಧಿಸಲಾಗಿದೆ. ಇಲ್ಲಿ ಬಾಗಿಲೂ ಅಗಲ; ಹಣದ ಮೂಲವೂ ಸ್ಪಷ್ಟ.

ಮೂರನ್ನೂ ಕೂಡಿಸಿ ನೋಡಿದರೆ, ಬಳ್ಳಿಗಾವೆಯ ವರ್ಣನೆಯು ಬರಿಯ ಕವಿಕಲ್ಪನೆಯಲ್ಲವೆಂದು ಹೇಳಲು ಆಧಾರ ಸಿಕ್ಕುವುದು. ದಕ್ಷಿಣದೇಶದಲ್ಲಿ ಇಂತಹ ಸಂಸ್ಥೆಗಳು ನಿಜವಾಗಿಯೂ ಇದ್ದುವು. ಅವಕ್ಕೆ ಸಿಬ್ಬಂದಿ ಇದ್ದಿತು, ವರಮಾನವಿದ್ದಿತು. ಅವೆಲ್ಲ ಎಲ್ಲರಿಗೂ ತೆರೆದಿದ್ದುವೆಂದಾಗಲಿ, ಪ್ರತಿಯೊಂದು ಊರಿನಲ್ಲಿ ಇದ್ದುವೆಂದಾಗಲಿ ಹೇಳಲು ಬಾರದು. ಬಳ್ಳಿಗಾವೆಯ ಪಟ್ಟಿಯಲ್ಲಿ ಜಾತಿಯ ಮಾತೇ ಇಲ್ಲ. ಅದನ್ನು ಉದಾರತೆಯೆಂದು ಓದುವವರು, ಮಲ್ಕಾಪುರದವರು ಅದನ್ನು ಬಾಯಿಬಿಟ್ಟು ಹೇಳಬೇಕಾಯಿತೆಂಬುದನ್ನು ಮರೆಯಬಾರದು. ಹೇಳದೆ ಇದ್ದರೆ ಬಾಗಿಲು ಮುಚ್ಚುವುದು ಸುಲಭವೆಂದು ವಿಶ್ವೇಶ್ವರ ಶಂಭು ಅರಿತಿದ್ದನೆಂದು ತೋರುತ್ತದೆ.

ಇನ್ನು ಈ ಧರ್ಮಕಾರ್ಯದ ಬೇರು ಎಲ್ಲಿದ್ದಿತೆಂಬುದನ್ನು ನೋಡೋಣ. ಅರಸನೋ ಅಧಿಕಾರಿಯೋ ಆಚಾರ್ಯನ ಕಾಲು ತೊಳೆದು, ಧಾರೆಯೆರೆದು, ಭೂಮಿಯನ್ನು ತೆರಿಗೆಯಿಲ್ಲದ ಸರ್ವನಮಸ್ಯವಾಗಿ ಬಿಡುವನು. ದೇವರ ಪೂಜೆ, ಗುಡಿಯ ಜೀರ್ಣೋದ್ಧಾರ, ತಪೋಧನರ ಆಹಾರ, ವಿದ್ಯಾದಾನ ಎಂದು ಉದ್ದೇಶವನ್ನು ಬರೆಯಿಸುವನು. ಕೊಟ್ಟುದನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವೂ ಅಂತಹ ಶಾಸನಗಳ ಕೊನೆಯಲ್ಲಿರುವುದು. ಈ ಕಟ್ಟು ದುರ್ಬಲವಾದುದಲ್ಲ. ಚಾಲುಕ್ಯರು ಹೋಗಿ ಕಳಚುರಿಗಳು ಬಂದರು. ಕಳಚುರಿಗಳು ಹೋಗಿ ಹೊಯ್ಸಳರು ಬಂದರು. ಕೋಡಿಯ ಮಠಕ್ಕೆ ದತ್ತಿಗಳು ಬರುತ್ತಲೇ ಇದ್ದುವು. ರಾಜ್ಯ ಬದಲಾದರೂ ಒಲೆ ಆರಲಿಲ್ಲ.

ಆದರೂ ಈ ಪದ್ಧತಿಯಲ್ಲಿ ಒಂದು ಮಾತು ಮರೆಯಾಗಿರುವುದುಂಟು. ದಾನಿಯ ಹೆಸರು ಕಲ್ಲಿನಲ್ಲಿದೆ. ಆಚಾರ್ಯನ ಹೆಸರೂ ಇದೆ. ದತ್ತಿಯ ಭೂಮಿಯನ್ನು ಉತ್ತು ಬಿತ್ತಿ ಮಠದ ಕಣಜಕ್ಕೆ ಭತ್ತ ಅಳೆದವರ ಹೆಸರನ್ನು ಯಾರೂ ಕೊರೆಯಿಸಲಿಲ್ಲ. ಕುರುಡನ ಎಲೆಗೆ ಬಿದ್ದ ಅನ್ನವು ಅರಸನ ಔದಾರ್ಯವೆಷ್ಟೋ ಒಕ್ಕಲಿನ ಬೆವರೂ ಅಷ್ಟೇ. ಬಿಜ್ಜಳನ ಭಂಡಾರಿಯಾಗಿದ್ದನೆಂದು ಸಂಪ್ರದಾಯವು ಹೇಳುವ ಬಸವಣ್ಣನವರು ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಕಾಯಕ ಮತ್ತು ದಾಸೋಹವನ್ನು ಬೋಧಿಸಿದರು. ಕೊಡುವವನು ತಾನೇ ದುಡಿದುದನ್ನು ಕೊಡಬೇಕು. ಕೊಟ್ಟೆನೆಂಬ ಹಮ್ಮು ಇರಬಾರದು ಎಂಬುದು ಆ ಬೋಧೆಯ ತಿರುಳು. ಕಾಳಾಮುಖರ ಮಠಗಳು ಕಾಲಕ್ರಮದಲ್ಲಿ ವೀರಶೈವ ಮಠಗಳಾದುವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದ ಪಕ್ಷದಲ್ಲಿ, ಭೂದತ್ತಿಯ ಪದ್ಧತಿಗೂ ದಾಸೋಹದ ತತ್ತ್ವಕ್ಕೂ ಒಂದೇ ಪಂಕ್ತಿಯಲ್ಲಿ ಸಂಬಂಧ ಬೆಳೆಯಿತೆಂದು ಹೇಳಬಹುದು.

13ನೆಯ ಶತಮಾನದ ಅನಂತರ ಬಳ್ಳಿಗಾವೆಯ ಐಸಿರಿ ಕುಂದಿತು. ಕೇದಾರೇಶ್ವರನ ತ್ರಿಕೂಟ ದೇವಾಲಯವು ಈಗಲೂ ನಿಂತಿದೆ. ಯಾತ್ರಿಕರು ಅದರ ಕಂಬಗಳನ್ನೂ ಶಿಖರಗಳನ್ನೂ ನೋಡಿ ಮೆಚ್ಚುವರು. ರೋಗಿಗಳು ಮಲಗಿದ ಜಗಲಿಯಾಗಲಿ, ಭಿಕ್ಷುಕರು ಉಂಡ ಪಂಕ್ತಿಯಾಗಲಿ ಉಳಿದಿಲ್ಲ. ಕಲ್ಲಿನ ಗುಡಿಯನ್ನು ಕಾಲವು ಉಳಿಸಬಲ್ಲುದು. ಅನ್ನದ ಪಂಕ್ತಿಯನ್ನಾದರೋ ಪ್ರತಿದಿನವೂ ಮನುಷ್ಯರೇ ಉಳಿಸಬೇಕು.

ನಮ್ಮ ಕಾಲದಲ್ಲಿ ಈ ಕಾರ್ಯವು ಮಠಗಳಿಂದ ಬಹುಮಟ್ಟಿಗೆ ಸರ್ಕಾರದ ಕೈಗೂ ಸಾರ್ವಜನಿಕ ಸಂಸ್ಥೆಗಳ ಕೈಗೂ ಬಂದಿದೆ. ಇದು ಆಗಬೇಕಾದುದೇ, ಪ್ರಜೆಯ ಹಕ್ಕಾಗಿ ಬಂದುದು ಒಬ್ಬ ದಾನಿಯ ಕೃಪೆಗಿಂತ ಮೇಲು. ಆದರೆ ಯಾವ ಸಂಸ್ಥೆಯಾದರೂ ಈ ಮೂರು ಶಾಸನಗಳ ಮುಂದೆ ನಿಂತು ತನ್ನನ್ನು ತಾನು ಕೇಳಿಕೊಳ್ಳಬಹುದಾದ ಪ್ರಶ್ನೆಗಳು ಮೂರು. ಬಳ್ಳಿಗಾವೆಯಂತೆ, ಕಷ್ಟದಲ್ಲಿರುವವನಿಗೆ ಬೇಕಾದುದೆಲ್ಲವೂ ಒಂದೆಡೆಯಲ್ಲಿ ದೊರೆಯುವುದೇ? ತಿರುಮುಕ್ಕೂಡಲಿನಂತೆ, ದೀಪದ ಎಣ್ಣೆಯವರೆಗೂ ಲೆಕ್ಕವಿದೆಯೇ? ಮಲ್ಕಾಪುರದಂತೆ, ಯಾರನ್ನೂ ಹಿಂದಕ್ಕೆ ಕಳುಹಿಸಕೂಡದೆಂದು ಎಲ್ಲರಿಗೂ ಕಾಣುವಂತೆ ಬರೆದಿದೆಯೇ? ಮೂರಕ್ಕೂ ಅಹುದೆನ್ನಬಲ್ಲ ಸಂಸ್ಥೆಯು ಎಲ್ಲಿದ್ದರೂ ಕೋಡಿಯ ಮಠದ ವಾರಸುದಾರನೆಂದು ಹೇಳಿಕೊಳ್ಳಲು ಯೋಗ್ಯವಾದುದೆಂದು ನಾವು ತಿಳಿಯುತ್ತೇವೆ.