ನೋ-ಬಾಲ್ ತೀರ್ಪಿನ ಚರಿತ್ರೆ: ಮೈಸೂರಿನ ಎರಡು ತಲೆಮಾರು

ನಿಯಮವನ್ನು ಅಕ್ಷರಶಃ ಅನ್ವಯಿಸಿದರೆ ಸಾಕೆ, ಅದರ ಆಶಯವನ್ನು ಅರ್ಥೈಸಬೇಕೆ ಎಂಬುದು ನ್ಯಾಯಾಲಯದ ಪ್ರಶ್ನೆ ಮಾತ್ರವಲ್ಲ, ಆಟದ ಬಯಲಿನ ಪ್ರಶ್ನೆಯೂ ಹೌದು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಪಿಚರನು ಚೆಂಡೆಸೆಯುವಂತೆ ನಟಿಸಿ ಓಟಗಾರನನ್ನು ವಂಚಿಸಿದರೆ ಅಂಪೈರನು ‘ಬಾಕ್’ ಎಂದು ಸಾರುತ್ತಾನೆ; ಓಟಗಾರರು ಒಂದೊಂದು ನೆಲೆ ಮುಂದೆ ಸಾಗುತ್ತಾರೆ. ನಮ್ಮಲ್ಲಿ ಬೇರೂರಿದ ಕ್ರಿಕೆಟಿನಲ್ಲಿ ಇದಕ್ಕೆ ಸಮೀಪವಾದುದು ನೋ-ಬಾಲ್.

ಇದರ ಚರಿತ್ರೆಯನ್ನು ಮೈಸೂರಿನ ಒಂದೇ ಮನೆತನದಲ್ಲಿ ಗುರುತಿಸಬಹುದು. ಎಂ. ಜಿ. ವಿಜಯಸಾರಥಿಯವರು 1951ರಿಂದ 1960ರವರೆಗೆ ಟೆಸ್ಟ್ ಪಂದ್ಯಗಳ ಅಂಪೈರರಾಗಿದ್ದರು. ಅವರ ಮಗ ಎಂ. ವಿ. ನಾಗೇಂದ್ರ ಮುಂದಿನ ಎರಡು ದಶಕಗಳಲ್ಲಿ ಅದೇ ಹೊಣೆಯನ್ನು ಹೊತ್ತರು. 1960-61ರಲ್ಲಿ ಬೆಂಗಳೂರಿನ ರಣಜಿ ಪಂದ್ಯವೊಂದರಲ್ಲಿ ತಂದೆ ಮಕ್ಕಳಿಬ್ಬರೂ ಜೊತೆಯಾಗಿ ತೀರ್ಪುಗಾರರಾಗಿದ್ದರು.

ತಂದೆಯ ಕಾಲದಲ್ಲಿ ಜಾರಿಯಲ್ಲಿದ್ದುದು 1947ರ ನಿಯಮಾವಳಿ. ಚೆಂಡು ಕೈಬಿಡುವ ಕ್ಷಣದಲ್ಲಿ ಬೌಲರನ ಹಿಂಗಾಲು ಬೌಲಿಂಗ್ ಗೆರೆಯ ಹಿಂದಿರಬೇಕಾಗಿತ್ತು. ಆದರೆ ವೇಗದ ಬೌಲರರು ಹಿಂಗಾಲನ್ನು ನೆಲದ ಮೇಲೆ ಎಳೆಯುತ್ತ ಗೆರೆ ದಾಟುತ್ತಿದ್ದರು. ಕಾಲನ್ನೂ ಕೈಯನ್ನೂ ಏಕಕಾಲಕ್ಕೆ ನೋಡುವುದು ದುಸ್ಸಾಧ್ಯವಾಗಿತ್ತು. ಆದುದರಿಂದ 1963ರಲ್ಲಿ ಇಂಗ್ಲೆಂಡಿನಲ್ಲಿ ಮುಂಗಾಲಿನ ನಿಯಮದ ಪ್ರಯೋಗ ನಡೆಯಿತು. 1980ರ ನಿಯಮಾವಳಿ ಅದನ್ನು ಸ್ಥಿರಪಡಿಸಿತು. ಅಳತೆ ಸ್ಪಷ್ಟವಾಯಿತು, ಆದರೆ ಕಾಲಿನಿಂದ ಕಣ್ಣೆತ್ತಿ ದಾಂಡಿಗನನ್ನು ನೋಡಲು ಅಂಪೈರನಿಗಿದ್ದ ಅವಕಾಶ ಕಿರಿದಾಯಿತು.

ಕೈಯ ವಿಷಯ ಇನ್ನೂ ಜಟಿಲ. ಚೆಂಡು ಬೌಲ್ ಆಯಿತೇ, ಎಸೆಯಲ್ಪಟ್ಟಿತೇ ಎಂಬ ಬಗ್ಗೆ ಪೂರ್ಣ ಸಮಾಧಾನವಿಲ್ಲದಿದ್ದರೆ ನೋ-ಬಾಲ್ ಸಾರಬೇಕೆಂದು 1947ರ ನಿಯಮ ವಿಧಿಸಿತ್ತು. ಔಟ್ ತೀರ್ಪಿನಲ್ಲಿ ಸಂಶಯದ ಲಾಭ ದಾಂಡಿಗನಿಗೆ. ಇಲ್ಲಿಯಾದರೋ ಸಂಶಯವೇ ಬೌಲರನಿಗೆ ಶಿಕ್ಷೆ. 1963ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಕಾಲಿನ್ ಈಗರ್ ಒಂದೇ ಓವರಿನಲ್ಲಿ ನಾಲ್ಕು ಬಾರಿ ನೋ-ಬಾಲ್ ಸಾರಿದಾಗ ಇಯಾನ್ ಮೆಕಿಫ್ ಅವರ ಕ್ರೀಡಾಜೀವನವೇ ಮುಗಿಯಿತು. 2005ರಿಂದ ಮೊಣಕೈಗೆ 15 ಡಿಗ್ರಿಗಳ ಮಿತಿಯನ್ನು ಎಲ್ಲ ಬೌಲರರಿಗೂ ಗೊತ್ತುಪಡಿಸಲಾಗಿದೆ. ಅದನ್ನು ಅಳೆಯುವುದು ಪ್ರಯೋಗಶಾಲೆ. ಬಯಲಿನಲ್ಲಿ ನಿಂತ ಕಣ್ಣಿಗೆ ಅದು ಗೋಚರಿಸದು. 2020ರ ಮಹಿಳಾ ಟಿ-ಟ್ವೆಂಟಿ ವಿಶ್ವಕಪ್ಪಿನಲ್ಲಿ ಮುಂಗಾಲಿನ ತೀರ್ಪೂ ದೃಶ್ಯಯಂತ್ರದ ಮುಂದೆ ಕುಳಿತ ಮೂರನೆಯ ಅಂಪೈರನಿಗೆ ಸೇರಿತು.

ಇದರಿಂದ ತಿಳಿಯುವುದಿಷ್ಟು: ಅಳತೆ ಸೂಕ್ಷ್ಮವಾದಂತೆಲ್ಲ ಆಟಗಾರನಿಗೆ ಅನ್ಯಾಯವಾಗುವ ಸಂಭವ ಕಡಿಮೆಯಾಗಿದೆ, ಅದರೊಡನೆ ಬಯಲಿನಲ್ಲಿ ನಿಂತವನ ವಿವೇಚನೆಯ ಎಲ್ಲೆಯೂ ಕುಗ್ಗಿದೆ. ವಿಜಯಸಾರಥಿಯವರ ತಲೆಮಾರು ಇವೆರಡರ ಭಾರವನ್ನೂ ಬರಿಗಣ್ಣಿನಿಂದಲೇ ಹೊತ್ತಿತ್ತು ಎಂಬುದು ಚರಿತ್ರಕಾರನು ಮರೆಯಬಾರದ ಸಂಗತಿ.