ಅರ್ಧಕ್ಕೆ ನಿಂತ ಆಟದ ಲೆಕ್ಕ

ಬಿಕಾಂ ಓದಿದೋರಿಗೆ ಲೂಕಾ ಪಾಚೊಲಿ ಗೊತ್ತಿರ್ತಾನೆ, ಡಬಲ್ ಎಂಟ್ರಿ ಲೆಕ್ಕವನ್ನ ಅಚ್ಚು ಹಾಕಿಸಿದ ಇಟಲಿಯ ಸನ್ಯಾಸಿ. 1494ರ ಅದೇ ಪುಸ್ತಕದಲ್ಲಿ ಆತ ಪಣದ ಲೆಕ್ಕದಲ್ಲಿ ಎಡವಿದ್ದ. ಇದನ್ನ ನಮ್ಗೆ ಯಾವ ಮೇಷ್ಟ್ರೂ ಹೇಳ್ಲಿಲ್ಲ!

ಪ್ರಶ್ನೆ ಇಷ್ಟೇ: ಆಟ ಅರ್ಧಕ್ಕೆ ನಿಂತ್ರೆ ಪಣದ ದುಡ್ಡು ಹಂಚೋದು ಹೇಗೆ? ಇಲ್ಲಿವರೆಗೆ ಗೆದ್ದಿರೋ ಪ್ರಮಾಣದಲ್ಲಿ ಅಂದ ಪಾಚೊಲಿ. 1654ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರ ಬರ್ಕೊಂಡು ಇದನ್ನ ತಲೆಕೆಳಗು ಮಾಡಿದ್ರು. ಮೊದಲು ಮೂರು ಸುತ್ತು ಗೆದ್ದವನಿಗೆ 64 ನಾಣ್ಯ, ಆಟ ನಿಂತಿರೋದು 2-1ರಲ್ಲಿ ಅನ್ಕೊಳ್ಳಿ. ಮುಂದಿರೋನು ಇನ್ನೊಂದು ಸುತ್ತು ಗೆದ್ರೆ ಪೂರ್ತಿ 64. ಸೋತ್ರೆ ಸಮಸಮ, 32. ಅಂದ್ರೆ 32 ಹೇಗೂ ಅವನದ್ದೇ, ಉಳಿದ 32ರಲ್ಲಿ ಅರ್ಧ. ಒಟ್ಟು 48. ಪಾಚೊಲಿ ಸೂತ್ರದಲ್ಲಿ 43 ಕೂಡ ಮುಟ್ಟಲ್ಲ.

ಪೋಕರ್ ಬಂದಿದ್ದು 19ನೇ ಶತಮಾನದ ಅಮೆರಿಕದಲ್ಲಿ. ಇನ್ನೂ ಪೂರ್ತಿಯಾಗದ 'ಡ್ರಾ' ಕೈಗೆ ಬೆಲೆ ಕಟ್ಟೋದೂ ಇದೇ ದಾರಿಲಿ. ನಿಮ್ಹತ್ರ ನಾಲ್ಕು ಆಟೀನ್, ಫ್ಲಶ್‌ಗೆ ಇನ್ನೊಂದು ಬೇಕು, ಬೀಳೋದು ಒಂದೇ ಎಲೆ. ಕಾಣದ 46 ಎಲೆಗಳಲ್ಲಿ ಆಟೀನ್ 9. ಮಧ್ಯದಲ್ಲಿ 300 ರೂಪಾಯಿ ಇದೆ, ಆಟದಲ್ಲಿ ಉಳಿಯೋಕೆ 100 ಹಾಕ್ಬೇಕು. ಸರಾಸರಿ 46 ಸಲದಲ್ಲಿ 9 ಸಲ ಗೆದ್ದು 2,700 ಬರುತ್ತೆ, 37 ಸಲ ಸೋತು 3,700 ಹೋಗುತ್ತೆ. ಸಾವಿರ ಖೋತಾ. ಆಟೀನ್ ಬಿದ್ಮೇಲೆ ಎದುರಾಳಿಯಿಂದ ಪ್ರತಿ ಸಲ ಇನ್ನೂ 112 ಕೀಳೋಕಾದ್ರೆ ಮಾತ್ರ ಅಸಲು.

ಹಾಸ್ಟೆಲ್‌ನಲ್ಲಿ ನಾನು ಒಂದು ತಿಂಗಳ ಮೆಸ್ ದುಡ್ಡು ಕಳೆದಿದ್ದು ಇಂಥದ್ದೇ ಕೈ ಹಿಡ್ಕೊಂಡು. "ಇಷ್ಟು ಹಾಕಿದೀನಲ್ಲ, ಈಗ ಬಿಡೋದ್ಹೇಗೆ" ಅಂತಿದ್ದೆ. ಪಕ್ಕಾ ಪಾಚೊಲಿ ಶಿಷ್ಯ.